ಅಕ್ಕನ ಬೀದಿಗೆ ಬಂದ ಟೆನಿಸ್ಸು

ಮಂಡ್ಯದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆಯುತ್ತದೆ ಎಂದು ನನಗೆ ಮೊದಲು ತಿಳಿಸಿದ್ದು ಪತ್ರಿಕೆಯೂ ಅಲ್ಲ, ಇಲಾಖೆಯ ಸುತ್ತೋಲೆಯೂ ಅಲ್ಲ. ನನ್ನ ಅಕ್ಕ. ನಾನು ಮದ್ದೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ. ಕೊರಳಲ್ಲಿ ಸೀಟಿ ಹಾಕಿಕೊಂಡೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಅಕ್ಕನಿಗೆ ಚೌಕಾಬಾರ ಬಿಟ್ಟರೆ ಬೇರೆ ಆಟ ಬಾರದು. ಬಸ್ಸು ಹೊರಟರೂ ಓಡದೆ ಇನ್ನೊಂದು ಬರುತ್ತದೆ ಬಿಡು ಎನ್ನುವವಳು ಅವಳು. ಅಂಥವಳು ಒಂದು ಬೆಳಿಗ್ಗೆ ನನಗೆ ಫೋನು ಮಾಡಿ ಟೆನಿಸ್ಸಿನ ಸುದ್ದಿ ಹೇಳಿದಳು.

"ಅಮ್ಮಿ, ನಮ್ಮ ಬೀದಿಗೆ ಫಾರಿನ್ನೋರು ಬತ್ತಾವ್ರೆ ಕಣೆ. ಟೆನ್ನಿಸ್ಸಂತೆ. ಆ ತುದೀಲಿ ಮೈದಾನ ಅದಲ್ಲ, ಅಲ್ಲೇ. ರೋಡಿಗೆ ಡಾಂಬರು ಆಕ್ತಾವ್ರೆ. ಲೈಟು ಕಂಬ ನೆಡ್ತಾವ್ರೆ. ನಮ್ಮ ಕಾಂಪೌಂಡಿಗೂ ಬಿಟ್ಟಿ ಸುಣ್ಣ ಹೊಡ್ಕೊಟ್ರು!"

ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಒಳ್ಳೇದಾಯ್ತು ಬುಡಕ್ಕ" ಎಂದು ಫೋನು ಇಟ್ಟೆ. ಅವತ್ತು ಬೆಳಗಿನ ಪ್ರಾರ್ಥನೆಯಲ್ಲಿ ಸಾಲು ಸರಿಯಾಗಿ ನಿಲ್ಲಲಿಲ್ಲವೆಂದು ಒಂಬತ್ತನೇ ತರಗತಿಯವರನ್ನೆಲ್ಲ ಎರಡು ಸುತ್ತು ಓಡಿಸಿದೆ.

ನಾವಿಬ್ಬರೂ ಹುಟ್ಟಿ ಬೆಳೆದದ್ದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ. ನಾನು ಓಡುವ ಹುಡುಗಿ. ನಾಲೆ ಏರಿಯ ಮೇಲೆ ಓಡುತ್ತಿದ್ದೆ, ಶಿವನಸಮುದ್ರದ ರಸ್ತೆಯಲ್ಲಿ ಓಡುತ್ತಿದ್ದೆ, ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗಿ ಸ್ಟೀಲಿನ ಲೋಟ ಗೆದ್ದು ಬರುತ್ತಿದ್ದೆ. ಅಕ್ಕ ನನ್ನ ಹಿಂದೆ ಬರುತ್ತಿದ್ದಳು, ಓಡುವುದಕ್ಕಲ್ಲ, ನನ್ನ ಚಪ್ಪಲಿ ಹಿಡಿದುಕೊಳ್ಳುವುದಕ್ಕೆ. ಬರಿಗಾಲಲ್ಲಿ ಓಡುವವಳ ಚಪ್ಪಲಿಯನ್ನು ಯಾರಾದರೂ ಹೊತ್ತೊಯ್ದರೆ ಅಪ್ಪ ಬೈಯುತ್ತಾರೆ ಎಂಬ ಭಯ ಅವಳಿಗೆ. ಗೆದ್ದವಳು ನಾನು. ಆದರೆ ಮದುವೆಯಾಗಿ ಮಂಡ್ಯದ ಗುತ್ತಲಿಗೆ ಹೋದವಳು ಅವಳು. ನಲ್ಲಿ ನೀರು, ಹತ್ತು ಹೆಜ್ಜೆಗೆ ಆಟೋ, ಸಂಬಳದ ಗಂಡ. ನಾನು ಬಂದದ್ದು ಭಾರತೀನಗರದಿಂದ ಒಳಕ್ಕೆ ನಾಲ್ಕು ಮೈಲಿಯ ಊರಿಗೆ. ನಮ್ಮ ಯಜಮಾನರಿಗೆ ಹೊಲ ಗದ್ದೆ, ನನಗೆ ಶಾಲೆಯ ಕೆಲಸ. ಕಷ್ಟವೇನೂ ಇರಲಿಲ್ಲ. ಆದರೂ ಅಕ್ಕನ ಮನೆಗೆ ಹೋಗಿ ಬಂದಾಗಲೆಲ್ಲ ನಮ್ಮ ಮನೆಯ ಹೊಸಿಲು ಒಂದು ಬೆರಳು ಕೆಳಗಿಳಿದ ಹಾಗೆ ಕಾಣುತ್ತಿತ್ತು. ಈಗ ಆಟವೂ ಅವಳ ಬೀದಿಗೇ ಹೋಗಬೇಕಾ?

ನಮ್ಮ ಶಾಲೆಯ ಮೈದಾನದ ಕಥೆ ಕೇಳಿ. ಅದು ಇಳಿಜಾರು. ಹುಡುಗಿಯರು ಗುಂಡು ಎಸೆದರೆ ಅದು ಸ್ವಲ್ಪ ಯೋಚನೆ ಮಾಡಿ ಎಸೆದವಳ ಕಾಲ ಬುಡಕ್ಕೇ ವಾಪಸು ಬರುತ್ತದೆ. ಸಮ ಮಾಡಿಸಿಕೊಡಿ ಎಂದು ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಆ ವರ್ಷವೂ ಒಂದು ಅರ್ಜಿ ಹಿಡಿದು ಕಚೇರಿಗೆ ಹೋದರೆ, ಮೇಜಿನ ಆಚೆಯವರು, "ಮೇಡಂ, ಇಂಟರ್‌ನ್ಯಾಷನಲ್ ಮುಗೀಲಿ, ಆಮೇಲೆ ನೋಡಾಣ" ಎಂದರು. ನಮ್ಮ ಊರಿನ ರಸ್ತೆಯೂ ಅಂಥದ್ದೇ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಡಾಂಬರು ಎದ್ದು, ಜಲ್ಲಿ ಮೇಲೆ ಬಂದು ಕುಳಿತಿತ್ತು.

ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ದಿನವೂ ವಾದ. ಗಣಿತದ ಮೇಷ್ಟ್ರು ಪಂದ್ಯಾವಳಿಯ ಪರ. "ಲಾಡ್ಜು ತುಂಬ್ತವೆ, ಆಟೋದವ್ರಿಗೆ ಬಾಡಿಗೆ, ಹೋಟ್ಲಿನವ್ರಿಗೆ ಯಾಪಾರ. ಎಲ್ಲಕ್ಕಿಂತ ನಮ್ಮೂರ ಹೆಸ್ರು ಫಾರಿನ್ ಪೇಪರ್ನಲ್ಲಿ ಬತ್ತದೆ ಮೇಡಂ" ಎನ್ನುತ್ತಿದ್ದರು.

"ಹೆಸ್ರು ಬಂದ್ರೆ ನನ್ನ ಮೈದಾನ ಸಮ ಆಗ್ತದಾ ಸಾ?" ಎಂದು ನಾನು ಎದ್ದು ನಿಲ್ಲುತ್ತಿದ್ದೆ. ಕಾರು ಹೋಗುವ ಕಡೆಗೆ ಮಾತ್ರ ಡಾಂಬರು, ಕಣ್ಣಿಗೆ ಬೀಳುವ ಗೋಡೆಗೆ ಮಾತ್ರ ಸುಣ್ಣ, ನೆಂಟರು ಹೋದ ಮೇಲೆ ಬಾಡಿಗೆ ದೀಪವೂ ಹೋಗುತ್ತದೆ ಎಂದು ಸಾಲುಸಾಲಾಗಿ ಹೇಳುತ್ತಿದ್ದೆ. ನನ್ನ ಮಾತಿನಲ್ಲಿ ಹುರುಳಿತ್ತು, ಈಗಲೂ ಇದೆ ಎಂದೇ ನಂಬಿದ್ದೇನೆ. ಮೇಡಂ ಹಳ್ಳಿ ಮಕ್ಕಳ ಪರವಾಗಿ ಮಾತಾಡುತ್ತಾರೆ ಎಂದು ಎಲ್ಲರೂ ಮೆಚ್ಚಿಕೊಂಡರು. ನಾನು ಮಾತಾಡುತ್ತಿದ್ದದ್ದು ಅಕ್ಕನ ಸುಣ್ಣ ಹೊಡೆದ ಕಾಂಪೌಂಡಿನ ವಿರುದ್ಧ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಅದು ಸಂಕ್ರಾಂತಿಗೆ ಮುಂಚಿನ ದಿನಗಳು, ಹುರುಳಿ ಒಕ್ಕುವ ಕಾಲ. ನಮ್ಮ ಸೀಮೆಯಲ್ಲಿ ಈಗ ಕಣ ಮಾಡುವವರು ಕಡಿಮೆ. ಹುರುಳಿ ಬಳ್ಳಿ ಕಿತ್ತು ತಂದು ಟಾರು ರೋಡಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಸ್ಕೂಟರು ಯಾವುದು ಬಂದರೂ ಅದರ ಮೇಲೆ ಹತ್ತಿ ಹೋಗುತ್ತದೆ, ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆಗೆ ಬಳ್ಳಿ ಎತ್ತಿ ಕಾಳು ಗುಡಿಸಿಕೊಂಡರೆ ಒಕ್ಕಣೆ ಮುಗಿಯಿತು. ಆದ್ದರಿಂದ ಹೊಸ ರಸ್ತೆ ಎಂದರೆ ನಮಗೆ ಮೊದಲು ಕಾಣುವುದು ಒಳ್ಳೆಯ ಕಣ. ಗುತ್ತಲು ಪೇಟೆಗೆ ಸೇರಿದ್ದರೂ ಅಲ್ಲಿಯವರಿಗೆ ಊರಾಚೆ ಇನ್ನೂ ಹೊಲಗಳಿವೆ. ಡಾಂಬರು ಆರಿದ್ದೇ ತಡ, ಅಕ್ಕನ ಬೀದಿಯವರೆಲ್ಲ ಹುರುಳಿ ತಂದು ಈ ತುದಿಯಿಂದ ಆ ತುದಿಯವರೆಗೆ ಹರಡಿಬಿಟ್ಟರು. ಅದೇ ದಿನ ದೊಡ್ಡ ಅಧಿಕಾರಿಗಳು ವ್ಯವಸ್ಥೆ ನೋಡಲು ಬರುವವರಿದ್ದರು. ಅಂತರರಾಷ್ಟ್ರೀಯ ರಸ್ತೆಯ ಮೇಲೆ ಮೊಳಕಾಲುದ್ದ ಹುರುಳಿ ಬಳ್ಳಿ.

ಅಕ್ಕ ಫೋನಿನಲ್ಲಿ ನಕ್ಕು ನಕ್ಕು ಹೇಳಿದಳು: "ಸಾಹೇಬ್ರು ಇಳ್ದು ಏನಿದು ಅಂತ ಕಿರುಚ್ತಾವ್ರೆ, ನಿಮ್ಮ ಬಾವ ಓಗಿ, ಸಾ, ಒಸಿ ಮುಂದಕ್ಕೂ ಇಂದಕ್ಕೂ ಕಾರು ಓಡ್ಸುಬುಡಿ, ಎತ್ಕಂಡುಬುಡ್ತೀವಿ ಅಂದವ್ರೆ. ಅವ್ರ ಇಂದೆ ಆರು ಕಾರು ಬಂದ್ವು. ಎಂಥ ಒಕ್ಕಣೆ ಆಯ್ತು ಗೊತ್ತಾ! ಒಂದೇ ಒಂದು ಕಲ್ಲಿಲ್ಲ ಕಣಮ್ಮಿ ಕಾಳಲ್ಲಿ. ನಿಮ್ಮ ಹುರುಳಿನೂ ಟ್ರ್ಯಾಕ್ಟ್ರಿಗೆ ಏರ್ಕಂಡು ಬನ್ನಿ. ಇನ್ನೂ ನಾಕ್ ದಿನ ಟೇಮದೆ, ಬೆಳಗ್ಗೆ ಬೇಗ ಆಕಿ ಎತ್ಬುಡಾನ."

ಅವಳು ಕರೆದದ್ದು ಪ್ರೀತಿಯಿಂದ. ಈಗ ಅದು ನನಗೆ ಗೊತ್ತು. ಅವತ್ತು ನನ್ನ ಕಿವಿಗೆ ಬಿದ್ದದ್ದು, ನಿನ್ನ ರಸ್ತೆಯಲ್ಲಿ ಕಲ್ಲು, ನನ್ನ ರಸ್ತೆಯಲ್ಲಿ ಕಲ್ಲಿಲ್ಲ ಎಂಬ ಮಾತು ಮಾತ್ರ. "ನಮ್ಮೂರಲ್ಲೂ ರೋಡದೆ ಕಣಕ್ಕ" ಎಂದೆ. ಯಜಮಾನರು ಟ್ರ್ಯಾಕ್ಟರು ಹೇಳುತ್ತೇನೆ ಎಂದರೂ ಬಿಡಲಿಲ್ಲ. ನಮ್ಮ ಜಲ್ಲಿ ಎದ್ದ ರಸ್ತೆಯ ಮೇಲೇ ಹಟ ಹಿಡಿದು ಹರಡಿಸಿದೆ. ಅದರ ಫಲವನ್ನು ವರ್ಷವಿಡೀ ಉಂಡೆವು. ಮೊದಲ ಸಲ ಹುರುಳಿ ಸಾರು ಮಾಡಿದ ದಿನ ಯಜಮಾನರು ತುತ್ತು ಬಾಯಿಗಿಟ್ಟು ಕಟಕ್ಕೆಂದು ನಿಲ್ಲಿಸಿ, ನನ್ನ ಮುಖ ನೋಡಿ, ಕಲ್ಲನ್ನು ತಟ್ಟೆಯ ಅಂಚಿಗಿಟ್ಟರು.

ಪಂದ್ಯಾವಳಿ ಶುರುವಾದ ಮೇಲೆ ಅಕ್ಕನ ಫೋನು ದಿನಕ್ಕೆರಡು ಸಲ. ಇವತ್ತು ಎರಡು ಮಾರುದ್ದ ಇರೋಳು ಸೋತಳು, ಇವತ್ತು ಒಬ್ಬಳು ಚೆಂಡು ಹೊಡೆಯುವಾಗ ಹೆರಿಗೆ ನೋವು ಬಂದವಳ ಹಾಗೆ ಕೂಗುತ್ತಿದ್ದಳು, ಇವತ್ತು ಮೂರು ಗಂಟೆ ಹೊತ್ತು ಒಂದೇ ಆಟ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಕುಳಿತವಳ ಹಾಗೆ ಹೇಳುತ್ತಿದ್ದಳು. ನಾನು ಅತ್ತ ಕಡೆ ಹುಂ ಹುಂ ಎನ್ನುತ್ತಾ ಇತ್ತ ಹಲ್ಲು ಕಡಿಯುತ್ತಿದ್ದೆ. ಆಟದ ಮಾತು ಆಡಬೇಕಾದವಳು ನಾನು. ಇವಳಿಗೆ ಯಾವ ಹಕ್ಕು? ನಾನು ಗೆದ್ದಾಗಲೂ ಇಷ್ಟು ಉಬ್ಬಿದ್ದಳಾ ಇವಳು ಎಂದು ನೆನಪು ಕೆದಕಿ ನೋಡಿಕೊಳ್ಳುತ್ತಿದ್ದೆ.

ಆ ವಾರವೇ ಶಾಲೆಗೆ ಒಂದು ಲಕೋಟೆ ಬಂತು. ತಾಲ್ಲೂಕಿನ ದೈಹಿಕ ಶಿಕ್ಷಕರಿಗೆಲ್ಲ ಕೊನೆಯ ದಿನದ ಪಂದ್ಯಗಳಿಗೆ ತಲಾ ಎರಡು ಪಾಸು. ನೀಲಿ ಬಣ್ಣ, ಕೊರಳಿಗೆ ಹಾಕಿಕೊಳ್ಳಲು ದಾರ. ಒಂದು ಶಿಕ್ಷಕರಿಗೆ, ಇನ್ನೊಂದು ಅವರ ಜೊತೆಯವರಿಗೆ. ಯಜಮಾನರಿಗೆ ಗದ್ದೆ ಕೆಲಸ. ಅವರು, "ನಿಮ್ಮಕ್ಕನ್ನ ಕರ್ಕಂಡೋಗು, ಅಲ್ಲೇ ಅವ್ಳಲ್ಲ" ಎಂದರು. ನನಗೂ ಮೊದಲು ಹೊಳೆದದ್ದು ಅದೇ. ಹೊಳೆದ ಕೂಡಲೇ ಅದನ್ನು ತಳ್ಳಿದೆ. ಡಾಂಬರು ಅವಳಿಗೆ, ದೀಪ ಅವಳಿಗೆ, ಕಲ್ಲಿಲ್ಲದ ಹುರುಳಿ ಅವಳಿಗೆ. ದಿನಾ ನೋಡುತ್ತಿದ್ದಾಳಲ್ಲ, ಇನ್ನೂ ನನ್ನ ಪಾಸಿನಲ್ಲೇ ನೋಡಬೇಕಾ? ಫೋನು ಮಾಡಿ, "ಅಕ್ಕ, ಭಾನುವಾರ ಬತ್ತೀನಿ, ನಂಗೆ ಪಾಸು ಕೊಟ್ಟವ್ರೆ. ಒಂದೇ ಕೊಟ್ಟಿರೋದು" ಎಂದೆ.

"ಅಯ್ಯೋ, ಅದಕ್ಕೇನಂತೆ, ನೀನು ನೋಡ್ಬೇಕಾದೋಳು. ಊಟಕ್ಕೆ ಮನೇಗೇ ಬಾ" ಎಂದಳು.

ಭಾನುವಾರ ಬೆಳಿಗ್ಗೆ ಮಂಡ್ಯದ ಬಸ್ಸು ಹಿಡಿದು ಹೋದೆ. ಅಕ್ಕನ ಬೀದಿ ನಿಜವಾಗಿಯೂ ಮದುವೆ ಮನೆಯ ಹಾಗಿತ್ತು. ಅವಳ ಮನೆಗೆ ಹೋಗದೆ ಸೀದಾ ಗೇಟಿಗೆ ನಡೆದೆ. ಒಳಗೆ ಕುರ್ಚಿಗಳ ಮೇಲೆ ನಂಬರು. ನನ್ನ ಪಕ್ಕದ ಕುರ್ಚಿ ನನ್ನ ಎರಡನೇ ಪಾಸಿನದ್ದು. ಅದರ ಮೇಲೆ ಬ್ಯಾಗು ಇಟ್ಟೆ. ಕೆಲಸದಲ್ಲಿದ್ದವನೊಬ್ಬ ಬಂದು, "ಇಲ್ಲಿ ಯಾರಾರೂ ಬತ್ತಾರಾ ಮೇಡಂ?" ಎಂದ.

"ಬತ್ತಾರೆ" ಎಂದೆ.

ಆಟ ನೋಡಿದೆ. ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿತ್ತು. ನಮ್ಮ ಜನಕ್ಕೆ ಕಬಡ್ಡಿಯ ಅಭ್ಯಾಸ. ಚೆಂಡು ಮೇಲೆತ್ತುವ ಹೊತ್ತಿಗೇ "ಹಾಕು! ಹಾಕಮ್ಮಿ!" ಎಂದು ಕೂಗುತ್ತಿದ್ದರು. ಎತ್ತರದ ಕುರ್ಚಿಯಲ್ಲಿ ಕುಳಿತ ಅಂಪೈರು ಕೈಮುಗಿಯುವ ಮಟ್ಟಿಗೆ ಬಂದ. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತೆವು. ಗಿಡ್ಡಗಿದ್ದ ಒಬ್ಬ ಹುಡುಗಿ, ಯಾವ ದೇಶದವಳೋ, ಈ ಮೂಲೆಯಿಂದ ಆ ಮೂಲೆಗೆ ಓಡಿ ಚೆಂಡು ಎತ್ತಿದಾಗ ಕುರ್ಚಿಯಲ್ಲೇ ನನ್ನ ಹಿಮ್ಮಡಿ ಎದ್ದಿತು. ಪಕ್ಕಕ್ಕೆ ತಿರುಗಿ "ನೋಡ್ದಾ?" ಅನ್ನಬೇಕೆನಿಸಿತು. ಪಕ್ಕದಲ್ಲಿ ಬ್ಯಾಗಿತ್ತು. ನನ್ನ ಓಟ ನೋಡಿ ಪಕ್ಕದವರಿಗೆ "ನೋಡ್ದಾ?" ಎನ್ನುತ್ತಿದ್ದವಳು ಅಕ್ಕ. ಅದು ನೆನಪಾದದ್ದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು.

ಮಧ್ಯಾಹ್ನ ಒಂದು ಆಟ ಮುಗಿಯಿತು. ಫೈನಲ್ಲು ಮೂರು ಗಂಟೆಗೆ. ಊಟಕ್ಕೆಂದು ಹೊರಗೆ ಬಂದು ಅಕ್ಕನ ಮನೆಗೆ ಹೋದೆ. ಬಾವ ಮನೆಯಲ್ಲಿರಲಿಲ್ಲ. ಅಕ್ಕನೂ ಕಾಣಲಿಲ್ಲ. ಕೂಗಿದರೆ, "ಮ್ಯಾಲಿವ್ನಿ, ಬಾ" ಎಂಬ ದನಿ ಬಂತು. ತಾರಸಿ ಹತ್ತಿದೆ. ಅಕ್ಕ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಸೆರಗು ತಲೆಗೆ ಹೊದ್ದು ಕುಳಿತಿದ್ದಳು. ಎದುರಿಗೆ ಮೈದಾನ. ಆದರೆ ಮೈದಾನ ಎಲ್ಲಿ? ಸುತ್ತಲೂ ಎತ್ತರಕ್ಕೆ ಹಸಿರು ಬಟ್ಟೆ ಕಟ್ಟಿದ್ದರು. ಅದರ ಮೇಲೆ ಶಾಮಿಯಾನದ ಬೆನ್ನು. ಒಂದು ಅಂಗುಲವೂ ಒಳಗಿನದ್ದು ಕಾಣುತ್ತಿರಲಿಲ್ಲ.

"ಇಲ್ಲಿಂದ ಏನು ಕಾಣ್ಸುತ್ತಕ್ಕ?" ಎಂದೆ.

"ಕಾಣಾಕಿಲ್ಲ ಕಣೆ. ಕೇಳುಸ್ತದೆ" ಎಂದಳು. ಬೆರಳೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ಟಕ್, ಟಕ್, ಟಕ್ ಎಂದು ಮೂರು ಸದ್ದು. ಆಮೇಲೆ ಬಿರುಸಾಗಿ ಒಂದು. "ಇವ್ಳು ಕುಳ್ಳಿ. ಫೈನಲ್ಲಿಗೆ ಒಸಿ ಕೈ ಸಡ್ಲ ಮಾಡ್ಕತಾವ್ಳೆ. ವಡಿಯೋಕ್ ಮುಂಚೆ ಮೂರು ಸಲ ನೆಲಕ್ಕೆ ಕುಟ್ತಾಳೆ. ಸೋತ್ಲಲ್ಲ ಉದ್ದದೋಳು, ಅವ್ಳು ಐದು ಸಲ. ಬೆಳಿಗ್ಗೆ ನಮ್ಮ ಗೇಟಿನ ಮುಂದ್ಲಿಂದ್ಲೇ ಓಯ್ತಾವಲ್ಲ, ಆಗ ಮಕ ನೋಡಿಕತ್ತೀನಿ. ಬಾಕಿದೆಲ್ಲ ಕಿವೀಲೇ. ರಾತ್ರಿ ನಿಮ್ಮ ಬಾವ ಫೋನ್ನಲ್ಲಿ ನೋಡಿ ಯಾರು ಗೆದ್ರು ಅಂತ ಏಳ್ತಾರೆ."

"ಮತ್ತೆ ದಿನಾ ನಂಗೆ ಅಷ್ಟೆಲ್ಲಾ ಏಳ್ತಿದ್ದೆ?"

"ನೀನು ಓಡೋಳಲ್ವಾ, ನಿಂಗೆ ಏಳ್ಬೇಕು ಅನ್ನುಸ್ತು." ಅಕ್ಕ ಟ್ಯಾಂಕಿನ ಕಟ್ಟೆಯಿಂದ ಇಳಿದು ಸೀರೆ ಕೊಡವಿಕೊಂಡಳು. "ಒಂದಿನ ಗೇಟ್ಗೂ ಓಗಿದ್ದೆ. ಪಾಸ್ ಅದಾ ಅಂದ. ಇಲ್ಲ, ನಮ್ಮ ಬೀದಿ ಇದು ಅಂದೆ. ಬೀದಿ ನಿಮ್ದೇ ಅಮ್ಮ, ಪಾಸ್ ಬೇಕು ಅಂದ. ನನ್ನ ತಂಗಿ ಪಿ.ಟಿ. ಮೇಡಂ ಅಂದೆ. ಅಂಗಾದ್ರೆ ಅವ್ರ ಜೊತೇಲಿ ಬನ್ನಿ, ಅವ್ರಿಗೆ ಕೊಟ್ಟಿರ್ತಾರೆ ಅಂದ. ನೀನು ಒಂದೇ ಅಂದಿದ್ದಲ್ಲ. ಅದ್ಕೇ ಸುಮ್ಕಾದೆ."

ಆಗ ಒಂದೂವರೆ ಗಂಟೆ. ಫೈನಲ್ಲಿಗೆ ಇನ್ನೂ ಸಮಯವಿತ್ತು. ಬ್ಯಾಗು ಕೆಳಗೆ ಅಡುಗೆಮನೆಯ ಬಾಗಿಲಲ್ಲಿತ್ತು. ಇಳಿದು ಹೋಗಿ ಪಾಸು ತೆಗೆದು ಅವಳ ಕೊರಳಿಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಅಯ್ಯೋ, ಒಂದಕ್ಕೊಂದು ಅಂಟಿಕೊಂಡಿತ್ತು, ನಾನು ನೋಡೇ ಇರಲಿಲ್ಲ ಎಂದಿದ್ದರೂ ನಂಬುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಆಗ ಅದು ಅಸೂಯೆಯೋ, ಸಿಕ್ಕಿಬೀಳುವ ಭಯವೋ ನನಗೆ ಬಿಡಿಸಿ ಹೇಳಲು ಆಗುತ್ತಿಲ್ಲ. ಈ ಸುಣ್ಣದ ಕಾಂಪೌಂಡಿನೊಳಗೆ ಅಸೂಯೆ ಪಡುವಂಥದ್ದು ಏನೂ ಇಲ್ಲ ಎಂದು ಕಣ್ಣಾರೆ ಕಂಡ ಮೇಲೂ ಅದು ಹೋಗಲಿಲ್ಲ ಎಂಬುದು ಮಾತ್ರ ನಿಜ. ಏನೂ ಕಾಣದ ಕಡೆ ಕುಳಿತು ನನಗಿಂತ ಚೆನ್ನಾಗಿ ಆಟ ಕಂಡಿದ್ದಳಲ್ಲ ಅವಳು.

ಮುದ್ದೆ, ಅವರೆಕಾಳು ಸಾರು ಬಡಿಸಿದಳು. ನಾನು ತಲೆಯೆತ್ತದೆ ಉಂಡೆ. ಆ ಹದಿನೈದು ದಿನದ ಕಥೆ ಹೇಳುತ್ತಾ ಹೋದಳು. ಬೀದಿಗೆ ಅಡ್ಡಲಾಗಿ ಬೇಲಿ ಹಾಕಿದ್ದರಿಂದ ಹಾಲು ತರಲು ಸುತ್ತಿ ಹೋಗಬೇಕಿತ್ತು. ಮೂಲೆಯಲ್ಲಿ ಎಳನೀರು ಮಾರುತ್ತಿದ್ದವನನ್ನು ಆಚೆ ಕಳಿಸಿದ್ದರು. ಎರಡನೇ ಬೀದಿಯ ಸಾಬರ ಮೆಕ್ಯಾನಿಕ್ ಅಂಗಡಿಯ ಮುಂದೆ ಬಟ್ಟೆ ಕಟ್ಟಿ ಮುಚ್ಚಿದ್ದರು. ಆದರೆ ಅದೇ ಸಾಬರು ವಿದೇಶಿಯವರ ಬ್ಯಾಟಿಗೆ ದಾರ ಬಿಗಿಯುವ ಯಂತ್ರ ಕೆಟ್ಟಾಗ ರಿಪೇರಿ ಮಾಡಿಕೊಟ್ಟು ಫೋಟೋ ತೆಗೆಸಿಕೊಂಡಿದ್ದರಂತೆ. ಹಳೆಯ ಚೆಂಡೆಲ್ಲ ಬೀದಿ ಮಕ್ಕಳ ಕ್ರಿಕೆಟ್ಟಿಗೆ ಬಂದಿದ್ದವು. "ಊರಿಗೆ ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ನಂಗೊತ್ತಿಲ್ಲಮ್ಮಿ. ನಂಗಂತೂ ಒತ್ತು ಓದದ್ದೇ ಗೊತ್ತಾಗ್ನಿಲ್ಲ" ಎಂದಳು.

ಕೈ ತೊಳೆಯಲು ನಾನು ಹಿತ್ತಲಿಗೆ ಹೋದೆ. ವಾಪಸು ಬರುವಾಗ ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಹುರುಳಿ ಗಂಟು. ಅದನ್ನು ಇಡಲೆಂದು ನನ್ನ ಬ್ಯಾಗು ತೆರೆದಿದ್ದಳು. ಅವಳ ಕೈಯಲ್ಲಿ ಎರಡನೇ ಪಾಸು ಇತ್ತು. ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು. ಗೇಟಿನವರು ಹರಿದುಕೊಳ್ಳುವ ತುಂಡು ಅದರಲ್ಲಿ ಹಾಗೇ ಇತ್ತು. ನೀಲಿ ದಾರವನ್ನು ನೀಟಾಗಿ ಮಡಚಿ, ಪಾಸನ್ನು ಇದ್ದ ಜಾಗದಲ್ಲೇ ಇಟ್ಟು, ಅದರ ಮೇಲೆ ಹುರುಳಿ ಗಂಟು ಇಟ್ಟು, ಜಿಪ್ಪು ಎಳೆದಳು. ಎದ್ದಾಗ ನಾನು ನಿಂತಿರುವುದನ್ನು ಕಂಡಳು.

"ಕಲ್ಲಿಲ್ಲ ಕಣಮ್ಮಿ" ಎಂದಳು. "ಆರ್ಸೋ ಕ್ಯಾಮೆ ಇಲ್ಲ. ಅಂಗೇ ನೆನಾಕು."

"ಅಕ್ಕ" ಎಂದೆ. ಅವಳು, "ಓಗು, ಮೂರು ಗಂಟೇಗೆ ಸುರುವಾಯ್ತದೆ" ಎಂದು ಬಾಗಿಲ ತನಕ ಬಂದಳು. ಬಿಸಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯನ್ನು ಯಾವಾಗಲೋ ನೆರಳಿಗೆ ಎತ್ತಿಟ್ಟಿದ್ದಳು. ನಾನು ಫೈನಲ್ಲಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಟಕ್ ಟಕ್ ಸದ್ದು ಬಹಳ ದೂರದವರೆಗೂ ಕೇಳುತ್ತಿತ್ತು.

ಪಂದ್ಯಾವಳಿ ಮುಗಿದ ವಾರಕ್ಕೆ ಬಾಡಿಗೆ ದೀಪಗಳನ್ನು ಕಿತ್ತುಕೊಂಡು ಹೋದರು. ಅದರಲ್ಲಿ ನನ್ನ ವಾದ ಗೆದ್ದಿತು. ರಸ್ತೆ ಉಳಿಯಿತು. ಅದರಲ್ಲಿ ಗಣಿತದ ಮೇಷ್ಟ್ರು ಗೆದ್ದರು. ನಮ್ಮ ಮೈದಾನ ಈಗಲೂ ಇಳಿಜಾರಿನಲ್ಲೇ ಇದೆ, ಗುಂಡು ಈಗಲೂ ವಾಪಸು ಬರುತ್ತದೆ. ಇಂಥ ದೊಡ್ಡ ಆಟಗಳಿಂದ ಊರಿಗೆ ಲಾಭವೋ ನಷ್ಟವೋ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಮೊದಲಿನ ಹಾಗೆ ಎದ್ದು ನಿಂತು ಮಾತಾಡಲು ನನಗೆ ಆಗುವುದಿಲ್ಲ. ಅಕ್ಕ ಆಮೇಲೂ ಫೋನು ಮಾಡುತ್ತಾಳೆ. ಮಕ್ಕಳ ವಿಷಯ, ಮಂಡಿ ನೋವಿನ ವಿಷಯ ಎಲ್ಲ ಮಾತಾಡುತ್ತಾಳೆ. ಟೆನಿಸ್ಸಿನ ವಿಷಯ ಮಾತ್ರ ಎತ್ತುವುದಿಲ್ಲ.

ಮತ್ತೊಮ್ಮೆ ಪಂದ್ಯಾವಳಿ ಬಂದಿತು. ಮತ್ತೆ ಲಕೋಟೆ, ಮತ್ತೆ ಎರಡು ಪಾಸು. ಈ ಸಲದವು ಹಳದಿ. ಲಕೋಟೆ ಒಡೆದ ಗಳಿಗೆಯಲ್ಲೇ ಅಕ್ಕನಿಗೆ ಫೋನು ಮಾಡಿದೆ. "ಅಕ್ಕ, ಎರಡು ಕೊಟ್ಟವ್ರೆ. ನೀನೂ ನಾನೂ ಓಗಾನ. ಕೊನೇ ದಿನ. ಬೆಳಿಗ್ಗೇನೇ ಬತ್ತೀನಿ" ಎಂದು ಒಂದೇ ಉಸಿರಿಗೆ ಹೇಳಿದೆ.

ಸಿಟ್ಟಿಲ್ಲದ, ನೋವೂ ಇಲ್ಲದ ತನ್ನ ಮಾಮೂಲಿ ದನಿಯಲ್ಲಿ ಅಕ್ಕ ಹೇಳಿದಳು: "ನೀನು ಓಗಿ ಬಾರಮ್ಮಿ. ನಂಗೆ ಮ್ಯಾಲಿಂದ್ಲೇ ಸಂದಾಗಿ ಕೇಳುಸ್ತದೆ."